ಅಮ್ಮಂದಿರ ಎದುರು ಆಡಿದ ತಂಡ

ಶಂಕರಪುರದ ಜೋಸ್ಲಿನ್ ಮೊದಲ ಸಲ ಫುಟ್ಬಾಲ್ ಪಂದ್ಯಕ್ಕೆ ಇಳಿದದ್ದು ಆಟದ ಹುಚ್ಚಿನಿಂದಲ್ಲ, ಜನ ಸಾಲದೆ ಹೋದದ್ದರಿಂದ. ಇಗರ್ಜಿಯ ಮೈದಾನದಲ್ಲಿ ಊರ ಹುಡುಗರ ಪಂದ್ಯಾಟವಿತ್ತು. ಅಣ್ಣ ಡೆನ್ವರನ ತಂಡದಲ್ಲಿ ಒಬ್ಬ ಜ್ವರ ಬಂದು ಮಲಗಿದ್ದ. ಎಲ್ಲಿ ಹುಡುಕಿದರೂ ಇನ್ನೊಬ್ಬ ಸಿಗದೆ, ಬದಿಯಲ್ಲಿ ಕುಳಿತು ನೋಡುತ್ತಿದ್ದ ತಂಗಿಯನ್ನೇ ಡೆನ್ವರ್ ಎಳೆದು ತಂದು ಹಿಂದಿನ ಸಾಲಿನಲ್ಲಿ ನಿಲ್ಲಿಸಿದ.

"ನೀನು ಎಂತದೂ ಮಾಡುವುದು ಬೇಡ. ಚೆಂಡು ಬಂದರೆ ದೂರಕ್ಕೆ ಒದ್ದುಬಿಡು, ಅಷ್ಟೇ" ಎಂದ.

ಜೋಸ್ಲಿನ್ ತಲೆಯಾಡಿಸಿದಳು. ಆದರೆ ಚೆಂಡು ಬಂದಾಗ ಒದೆಯಲಿಲ್ಲ. ಎದುರಿನ ಹುಡುಗ ಯಾವ ಕಡೆಗೆ ತಿರುಗುತ್ತಾನೆಂದು ಅವನ ಸೊಂಟ ನೋಡಿಯೇ ತಿಳಿದು, ಅವನಿಗಿಂತ ಮೊದಲು ಅಲ್ಲಿಗೆ ಹೋಗಿ ನಿಂತು, ಚೆಂಡನ್ನು ಮೆಲ್ಲನೆ ತೆಗೆದುಕೊಂಡು ಅಣ್ಣನ ಕಾಲಿಗೆ ದಾಟಿಸಿದಳು. ಹುಡುಗ ಮತ್ತೆ ಬಂದ, ಮತ್ತೆ ಕಳೆದುಕೊಂಡ. ಮೂರನೆಯ ಸಲ ಅವನು ಆ ಬದಿಗೆ ಬರುವುದನ್ನೇ ಬಿಟ್ಟ.

ಅಂದು ಪಂದ್ಯಕ್ಕೆ ಸೀಟಿ ಊದುತ್ತಿದ್ದವರು ಗುಣಪಾಲ ಮಾಸ್ಟ್ರು. ಕಾಪುವಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರು. ಪಂದ್ಯ ಮುಗಿದದ್ದೇ ಅವರು ನೇರ ಜೋಸ್ಲಿನಳ ಮನೆಗೆ ನಡೆದರು. ತಂದೆ ಆಂಡ್ರ್ಯೂ ಕುವೈತಿನಲ್ಲಿದ್ದರು. ತಾಯಿ ವೆರೊನಿಕಾ ಮಲ್ಲಿಗೆ ಗಿಡಗಳಿಗೆ ನೀರು ಹಾಕುತ್ತಿದ್ದರು.

"ಹುಡುಗಿಯನ್ನು ನನ್ನ ತಂಡಕ್ಕೆ ಕೊಡಿ ಬಾಯಮ್ಮ" ಎಂದರು ಮಾಸ್ಟ್ರು.

"ಹೆಣ್ಣುಮಕ್ಕಳ ಫುಟ್ಬಾಲು ಅಂತ ಬೇರೆ ಉಂಟಾ?"

"ಉಂಟು. ಇಲ್ಲಿಗೆ ಬಂದು ಮುಟ್ಟುವುದು ಸ್ವಲ್ಪ ತಡ ಆಯ್ತು, ಅಷ್ಟೇ."

"ಬೆಳಿಗ್ಗೆ ಹೂ ಕೊಯ್ಯುವವರು ಯಾರು ಮಾಸ್ಟ್ರೇ?"

"ಕೊಯ್ದುಕೊಟ್ಟೇ ಬರಲಿ."

ಹಾಗೆಯೇ ಆಯಿತು. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು ಬುಟ್ಟಿ ತುಂಬಿಸಿ, ಕಟಪಾಡಿಯಲ್ಲಿ ಬಸ್ಸು ಬದಲಿಸಿ, ಜೋಸ್ಲಿನ್ ಕಾಪುವಿಗೆ ಹೋಗುತ್ತಿದ್ದಳು. ಶಾಲೆ ಮುಗಿದು ಕಾಲೇಜು ಬಂತು. ಕಾಲೇಜಿನಿಂದ ವಿಶ್ವವಿದ್ಯಾನಿಲಯದ ತಂಡಕ್ಕೆ, ಅಲ್ಲಿಂದ ರಾಜ್ಯದ ತಂಡಕ್ಕೆ ಏರಿದಳು. ಅವಳ ಆಟದಲ್ಲಿ ಥಳಕು ಇರಲಿಲ್ಲ. ಗೋಲು ಹೊಡೆದವರ ಚಿತ್ರ ಪೇಪರಿನಲ್ಲಿ ಬರುತ್ತಿತ್ತು; ಗೋಲು ಆಗದಂತೆ ತಡೆದವಳದ್ದು ಬರುತ್ತಿರಲಿಲ್ಲ. ಆದರೂ ತಂಡದ ಹೆಸರು ಓದುವಾಗ ಮೊದಲು ಬರುವ ನಾಲ್ಕೈದು ಹೆಸರುಗಳಲ್ಲಿ ಅವಳದ್ದು ಇದ್ದೇ ಇರುತ್ತಿತ್ತು. ವೆರೊನಿಕಾ ಮಾತ್ರ ಒಂದೇ ಒಂದು ಪಂದ್ಯ ನೋಡಲು ಬಂದವರಲ್ಲ. ಕರೆದಾಗಲೆಲ್ಲ, "ಹೂವಿನ ಕೆಲಸ ಯಾರು ಮಾಡುವುದು?" ಎಂಬ ಒಂದೇ ಉತ್ತರ.

ಇಪ್ಪತ್ತನಾಲ್ಕರ ಪ್ರಾಯದಲ್ಲಿ ಮೊಣಕಾಲು ಹೋಯಿತು. ಹೊರರಾಜ್ಯದಲ್ಲಿ ಪಂದ್ಯ, ಎತ್ತರದ ಚೆಂಡಿಗೆ ಹಾರಿದವಳು ನೆಲಕ್ಕೆ ಬರುವಾಗ ಕಾಲು ಒಂದು ಕಡೆ, ದೇಹ ಇನ್ನೊಂದು ಕಡೆ ತಿರುಗಿತು. ಯಾರೂ ತಳ್ಳಿರಲಿಲ್ಲ. ಮಣಿಪಾಲದಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ತಿಂಗಳುಗಟ್ಟಲೆ ಅಲ್ಲಿಯ ಫಿಸಿಯೊಥೆರಪಿ ಕೋಣೆಯಲ್ಲಿ ಕಾಲು ಮಡಚುವುದು, ಚಾಚುವುದು, ಮತ್ತೆ ಮಡಚುವುದು. ಜೋಸ್ಲಿನ್ ಅಳಲಿಲ್ಲ. ನೋವು ತಿಂದೂ ತಿಂದೂ ನಡೆದಳು, ಓಡಿದಳು, ವರ್ಷ ಕಳೆದ ಮೇಲೆ ರಾಜ್ಯದ ತಂಡದ ಶಿಬಿರಕ್ಕೂ ಹೋದಳು.

ಆ ಶಿಬಿರದಲ್ಲಿ ಅವಳಿಗೆ ತನ್ನ ಆಟ ಮುಗಿಯಿತೆಂದು ತಿಳಿದುಹೋಯಿತು. ಮೊದಲು ಅವಳ ನೆರಳನ್ನೂ ದಾಟಲಾರದಿದ್ದ ಒಬ್ಬ ಎಳೆ ಹುಡುಗಿ ಚೆಂಡಿನೊಂದಿಗೆ ಬಂದಳು. ಜೋಸ್ಲಿನ್ ಅವಳ ಸೊಂಟ ನೋಡಿದಳು, ತಿರುಗುವ ದಿಕ್ಕು ತಿಳಿದಳು, ಆದರೆ ಕಾಲು ಒಂದು ಕ್ಷಣ ತಡವಾಗಿ ಹೊರಟಿತು. ಹುಡುಗಿ ದಾಟಿ ಹೋಗಿಯೇಬಿಟ್ಟಳು. ಜೋಸ್ಲಿನ್ ಸೊಂಟಕ್ಕೆ ಕೈಯಿಟ್ಟು ನಿಂತಳು. ಅದೇ ಹೊತ್ತಿಗೆ ಬಾಯಿ ತನ್ನಷ್ಟಕ್ಕೆ ಹೇಳಿತು: "ನೋಡು, ದಾಟಿದ ಮೇಲೆ ತಲೆ ತಗ್ಗಿಸಬೇಡ. ಬಲಗಡೆ ನಿನ್ನ ಗೆಳತಿ ಖಾಲಿ ನಿಂತಿದ್ದಾಳೆ, ಅವಳನ್ನು ನೋಡು." ಮುಂದಿನ ಸಲ ಹುಡುಗಿ ತಲೆಯೆತ್ತಿದಳು, ಗೆಳತಿಗೆ ಕೊಟ್ಟಳು, ಗೋಲಾಯಿತು. ಹುಡುಗಿ ಓಡಿಬಂದು ತಬ್ಬಿಕೊಂಡದ್ದು ಗೋಲು ಹೊಡೆದವಳನ್ನಲ್ಲ, ಜೋಸ್ಲಿನಳನ್ನು.

ಊರಿಗೆ ಮರಳುವಾಗ ರೈಲಿನಲ್ಲೇ ಗುಣಪಾಲ ಮಾಸ್ಟ್ರಿಗೆ ಫೋನು ಮಾಡಿದಳು. "ಮಾಸ್ಟ್ರೇ, ಕೋಚ್ ಆಗಲಿಕ್ಕೆ ಎಂತ ಓದಬೇಕು?"

ಮಾಸ್ಟ್ರು ಕಾರಣ ಕೇಳಲಿಲ್ಲ. "ಬಾ, ಹೇಳ್ತೇನೆ" ಎಂದರು.

ತರಬೇತುದಾರರ ಪರೀಕ್ಷೆಗೆ ಕುಳಿತವರಲ್ಲಿ ಅವಳೊಬ್ಬಳೇ ಹೆಂಗಸು. ಪಾಸಾಗಿ ಬಂದು ಕಾಪುವಿನಲ್ಲಿ, ಮಾಸ್ಟ್ರು ನಿವೃತ್ತರಾಗುವ ಮೊದಲು ಆಟಕ್ಕೆಂದು ಉಳಿಸಿಟ್ಟ ಮೈದಾನದಲ್ಲೇ, ಸುತ್ತಲಿನ ಶಾಲೆಗಳ ಹುಡುಗಿಯರನ್ನು ಸೇರಿಸತೊಡಗಿದಳು. ಉದ್ಯಾವರದಿಂದ ಭಾವನಾ ಬಂದಳು. ಗಾಳಿಯಂತೆ ಓಡುವ ಹುಡುಗಿ. ತಾಯಿ ಬೇಬಿ ಮೀನು ಮಾರುವವರು. ಶಾಲೆಯ ಟೀಚರ್ ಸುಭಾಷಿಣಿಯವರ ಮಗಳು ಶ್ರೀವಾಣಿ ಗೋಲು ಕಾಯಲು ನಿಂತಳು. ತುಳು, ಕೊಂಕಣಿ, ಬ್ಯಾರಿ ಎಲ್ಲ ಭಾಷೆಯೂ ಮೈದಾನದಲ್ಲಿ ಕೇಳುತ್ತಿತ್ತು. ಎಲ್ಲರೂ ಅವಳನ್ನು ಮಿಸ್ ಎಂದು ಕರೆದರು.

ಒಂದು ವರ್ಷದಲ್ಲಿ ಹುಡುಗಿಯರು ಪಾಸ್ ಕೊಡಲು ಕಲಿತರು, ಖಾಲಿ ಜಾಗಕ್ಕೆ ಓಡಲು ಕಲಿತರು. ಆದರೆ ಪಂದ್ಯಾಟಕ್ಕೆ ಹೋದಲ್ಲೆಲ್ಲ ಸೋತು ಬಂದರು. ಎದುರಿನವರು ಮೈಗೆ ಮೈ ತಾಗಿಸಿದರೆ ಸಾಕು, ಇವರು ಚೆಂಡು ಬಿಟ್ಟು ಸರಿದು ನಿಲ್ಲುತ್ತಿದ್ದರು. ತಮ್ಮತಮ್ಮಲ್ಲೇ ಆಡಿ ಕಲಿತವರಿಗೆ ಬೇರೆಯವರ ಮೈಭಾರ ಗೊತ್ತಿರಲಿಲ್ಲ. ಅಭ್ಯಾಸಕ್ಕೆ ಬೇರೆ ತಂಡ ಬೇಕು. ಹತ್ತಿರದಲ್ಲಿ ಹೆಣ್ಣುಮಕ್ಕಳ ತಂಡವೇ ಇಲ್ಲ. ಹುಡುಗರ ತಂಡದ ತರಬೇತುದಾರನನ್ನು ಕೇಳಿದಾಗ ಅವನು ಹೇಳಿದ: "ನಮ್ಮವರು ಗೆದ್ದರೆ ಹುಡುಗಿಯರನ್ನು ಗೆದ್ದರು ಅಂತ ಆಗ್ತದೆ, ಸೋತರೆ ಕೇಳುವುದೇ ಬೇಡ. ಬಿಟ್ಟುಬಿಡಿ ಮಿಸ್."

ಅಂದು ಸಂಜೆ ಜೋಸ್ಲಿನ್ ತಲೆಬಿಸಿಯಲ್ಲಿ ಮೈದಾನದ ಅಂಚಿಗೆ ನೋಡಿದಳು. ಮಕ್ಕಳನ್ನು ಕರೆದೊಯ್ಯಲು ಬಂದ ಅಮ್ಮಂದಿರು ಗೋಳಿಮರದ ಬುಡದಲ್ಲಿ ಮಾತಾಡುತ್ತಾ ಕುಳಿತಿದ್ದರು. ಮೀನಿನ ಬುಟ್ಟಿ ಹೊತ್ತು ಬಲಿತ ಬೇಬಿಯವರ ಭುಜ ನೋಡಿದಳು. ಸೀದಾ ಹೋಗಿ ಕೇಳಿಯೇಬಿಟ್ಟಳು.

"ನಾಳೆಯಿಂದ ನೀವು ಇವರ ಎದುರು ಆಡಬೇಕು."

ಸುಭಾಷಿಣಿ ಟೀಚರ್ ಕೇಳಿದರು: "ನಮಗೆ ಆಟ ಎಂತ ಗೊತ್ತುಂಟು?"

"ಆಟ ಗೊತ್ತಿರುವುದು ಬೇಡ. ಮಕ್ಕಳು ಚೆಂಡು ಹಿಡಿದುಕೊಂಡು ಹೋಗುವಾಗ ಬಿಡಬಾರದು, ಅಷ್ಟೇ ಮಾಡಿ."

ಬೇಬಿ ನಕ್ಕರು. "ಬಂದರಿನಲ್ಲಿ ಏಲಂ ಕೂಗುವಾಗ ಗಂಡಸರ ನಡುವೆ ನುಗ್ಗಿ ಮೀನು ತೆಗೆಯುವವಳು ನಾನು ಮಿಸ್. ಈ ಮಕ್ಕಳು ಯಾವ ಲೆಕ್ಕ?"

ಮರುದಿನ ಅಮ್ಮಂದಿರು ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ಇಳಿದರು. ಚೆಂಡು ಹೋದಲ್ಲಿಗೆ ಎಲ್ಲರೂ ಒಟ್ಟಿಗೆ ಓಡಿದರು. ನಿಯಮ ಗಾಳಿಗೆ ಹೋಯಿತು. ಆದರೆ ಹುಡುಗಿಯರಿಗೆ ಒಂದೂ ಗೋಲು ಹೊಡೆಯಲಾಗಲಿಲ್ಲ. ಭಾವನಾ ಚೆಂಡು ತೆಗೆದುಕೊಂಡು ಬರುತ್ತಾಳೆ, ಎದುರು ಅಮ್ಮ ಗೋಡೆಯಂತೆ ನಿಂತಿರುತ್ತಾರೆ, ಅವಳು ನಿಂತುಬಿಡುತ್ತಾಳೆ.

"ಯಾಕೆ ನಿಂತೆ?" ಎಂದಳು ಜೋಸ್ಲಿನ್.

"ಅಮ್ಮನನ್ನು ಹೇಗೆ ತಳ್ಳುವುದು ಮಿಸ್?"

ಜೋಸ್ಲಿನ್ ಉತ್ತರಿಸುವ ಮೊದಲೇ ಬೇಬಿ ಹೇಳಿದರು: "ತಳ್ಳು ಮಗಾ. ನಾನು ಬೀಳುವವಳಲ್ಲ."

ಆ ಸಂಜೆಯಲ್ಲ, ಆ ವಾರವೂ ಅಲ್ಲ. ಮಳೆಗಾಲ ಕಳೆದು ನೆಲ ಒಣಗುವ ಹೊತ್ತಿಗೆ ಭಾವನಾ ಭುಜ ಕೊಟ್ಟು ಅಮ್ಮನನ್ನು ಸರಿಸಿ ದಾಟಿದಳು. ಬೇಬಿ ಎರಡು ಹೆಜ್ಜೆ ಹಿಂದೆ ಹೋಗಿ, ಮಗಳ ಬೆನ್ನು ನೋಡುತ್ತಾ ತುಂಬ ಹೊತ್ತು ನಗುತ್ತಿದ್ದರು. ಮೊದಮೊದಲು ತಮಾಷೆ ನೋಡಲು ಬಂದ ಗಂಡಸರು ಆಮೇಲೆ ಗೆರೆಗೆ ಸುಣ್ಣ ಹಾಕಲು ಬಂದರು.

ಒಂದು ದಿನ ಅಮ್ಮಂದಿರ ಕಡೆ ಒಬ್ಬರು ಕಡಿಮೆಯಾದರು. ಜೋಸ್ಲಿನ್ ಸೀಟಿಯನ್ನು, ಆಟ ನೋಡಲು ಬಂದಿದ್ದ ಗುಣಪಾಲ ಮಾಸ್ಟ್ರ ಕೈಗೆ ಕೊಟ್ಟು ತಾನೇ ಇಳಿದಳು. ಅಂದು ವೆರೊನಿಕಾ, ಕಾಪುವಿನ ಸಂಬಂಧಿಕರ ಮನೆಗೆ ಬಂದವರು, ಮಗಳ ಜೊತೆ ಹಿಂದಿರುಗೋಣವೆಂದು ಗೋಳಿಮರದ ಕೆಳಗೆ ಕಾಯುತ್ತಿದ್ದರು. ಜೋಸ್ಲಿನ್ ಹೆಚ್ಚು ಓಡಲಿಲ್ಲ. ನಿಂತಲ್ಲೇ ಎರಡು ಹೆಜ್ಜೆ ಸರಿದು ಹುಡುಗಿಯರ ದಾರಿಯನ್ನೆಲ್ಲ ಮುಚ್ಚಿದಳು. ಭಾವನಾ ಮೂರು ಸಲ ಬಂದು ಮೂರು ಸಲವೂ ಚೆಂಡಿಲ್ಲದೆ ಹೋದಳು.

ಬಸ್ಸು ಕಟಪಾಡಿ ಹತ್ತಿರ ಬಂದಾಗ ವೆರೊನಿಕಾ ಕೊಂಕಣಿಯಲ್ಲಿ ಮೆಲ್ಲನೆ ಹೇಳಿದರು: "ನನಗೆ ಹೆದರಿಕೆ ಆಗ್ತಿತ್ತು ಬಾಯೆ. ನೀನು ಬೀಳುವುದನ್ನು ನೋಡಬೇಕಾದೀತು ಅಂತ ನಾನು ಬರ್ತಿರಲಿಲ್ಲ. ಹೂವು ಒಂದು ನೆಪ."

"ಬಿದ್ದದ್ದು ಒಂದೇ ಸಲ ಮಾಂಯ್" ಎಂದಳು ಜೋಸ್ಲಿನ್.

"ಹೌದು. ಉಳಿದದ್ದೆಲ್ಲ ನಾನು ಕಳೆದುಕೊಂಡೆ."

ಡಿಸೆಂಬರಿನಲ್ಲಿ ಕಾರ್ಕಳದಲ್ಲಿ ಜಿಲ್ಲೆಯ ಪಂದ್ಯಾಟ ನಡೆಯಿತು. ಫೈನಲಿಗೆ ಎದುರು ಸಿಕ್ಕಿದ್ದು ಕ್ರೀಡಾ ಹಾಸ್ಟೆಲಿನಲ್ಲಿಟ್ಟು ತಯಾರು ಮಾಡಿದ ತಂಡ. ಒಬ್ಬೊಬ್ಬರೂ ಭಾವನಾಳಿಗಿಂತ ಒಂದು ತಲೆ ಎತ್ತರ. ಮೊದಲ ಕೆಲವು ನಿಮಿಷದಲ್ಲೇ ಅವರು ಭುಜ ಕೊಟ್ಟು ನೋಡಿದರು. ಕಾಪುವಿನ ಹುಡುಗಿಯರು ಸರಿಯಲಿಲ್ಲ. ಮತ್ತೆ ಕೊಟ್ಟರು. ಮತ್ತೆಯೂ ಸರಿಯಲಿಲ್ಲ. ಶ್ರೀವಾಣಿ ಒಂದು ಚೆಂಡನ್ನು ಬೆರಳ ತುದಿಯಲ್ಲಿ ಹೊರಗೆ ತಳ್ಳಿದಳು. ಆಟ ಮುಗಿಯಲು ಬಂದಾಗ ಭಾವನಾ ತನ್ನನ್ನು ತಡೆಯಲು ಬಂದ ದೊಡ್ಡ ಹುಡುಗಿಗೆ ಬೆನ್ನು ಕೊಟ್ಟು, ಚೆಂಡನ್ನು ಕಾಲ ಮರೆಯಲ್ಲಿಟ್ಟು, ತಿರುಗಿ ಹೊಡೆದಳು. ಚೆಂಡು ಕಂಬದ ಒಳಬದಿಗೆ ತಾಗಿ ಬಲೆಗೆ ಹೋಯಿತು. ಆ ಒಂದೇ ಗೋಲು ಸಾಕಾಯಿತು.

ಸೋತ ತಂಡದ ತರಬೇತುದಾರ ಬಂದು ಕೈಕುಲುಕಿದ. "ನಿಮ್ಮ ಮಕ್ಕಳು ಸಣ್ಣವರು, ಆದರೆ ಅಲುಗುವುದೇ ಇಲ್ಲ. ಯಾವ ತಂಡದ ಜೊತೆ ಅಭ್ಯಾಸ ಮಾಡಿಸ್ತೀರಿ?"

"ಅವರ ಜೊತೆ" ಎಂದು ಜೋಸ್ಲಿನ್ ಬೇಲಿಯ ಕಡೆ ಕೈ ತೋರಿಸಿದಳು. ಅಲ್ಲಿ ಬೇಬಿ ಮಗಳನ್ನು ಎತ್ತಿಕೊಂಡು ತಿರುಗಿಸುತ್ತಿದ್ದರು, ಸುಭಾಷಿಣಿ ಟೀಚರ್ ಕನ್ನಡಕ ತೆಗೆದು ಕಣ್ಣು ಒರೆಸುತ್ತಿದ್ದರು, ವೆರೊನಿಕಾ ಪಕ್ಕದ ಹೆಂಗಸಿಗೆ ಆಫ್‌ಸೈಡ್ ಎಂದರೆ ಏನೆಂದು ತಪ್ಪುತಪ್ಪಾಗಿ ವಿವರಿಸುತ್ತಿದ್ದರು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಭಾವನಾ ಈಗ ರಾಜ್ಯದ ಕಿರಿಯರ ತಂಡದಲ್ಲಿದ್ದಾಳೆ. ಆ ತಂಡದ ಸಹಾಯಕ ತರಬೇತುದಾರಳಾಗಿ ಜೋಸ್ಲಿನಳಿಗೂ ಕರೆ ಬಂತು. ಶಿಬಿರ ಇದ್ದಾಗ ಹೋಗುತ್ತಾಳೆ, ಮುಗಿದದ್ದೇ ಕಾಪುವಿಗೆ ಮರಳುತ್ತಾಳೆ. ಹುಡುಗಿಯರು ಗೆದ್ದ ಮೇಲೂ ಅಮ್ಮಂದಿರು ಬರುವುದನ್ನು ನಿಲ್ಲಿಸಲಿಲ್ಲ. ಅವರಿಗೂ ಒಂದು ನಿಜವಾದ ಪಂದ್ಯ ಬೇಕಿತ್ತಂತೆ. ಕಳೆದ ಬೇಸಿಗೆಯಲ್ಲಿ ಉಡುಪಿಯ ಒಂದು ಕಾಲೇಜು ಹುಡುಗಿಯರ ತಂಡದೊಂದಿಗೆ ಆಡಿ ಚೆನ್ನಾಗಿ ಸೋತರು. ಹಿಂದಿರುಗುವ ವ್ಯಾನಿನಲ್ಲಿ ಜೋಸ್ಲಿನ್ ಸಮಾಧಾನದ ಮಾತು ಹುಡುಕುತ್ತಿರುವಾಗ, ಮುಂದಿನ ಸೀಟಿನಿಂದ ಬೇಬಿ ತಿರುಗಿ ಕೇಳಿದರು:

"ಮಿಸ್, ನಾಳೆ ಎಷ್ಟು ಗಂಟೆಗೆ ಬರಬೇಕು?"