ಮಾವ ಮೀಸೆ ಬೋಳಿಸಿಕೊಂಡು ಶೂಟಿಂಗ್‌ಗೆ ಬಂದದ್ದು

ಗೆಳೆಯರೇ, ನನ್ನ ಕಿರುಚಿತ್ರದ ನಾಯಕ ಇವತ್ತು ಬೆಳಿಗ್ಗೆ ಮೀಸೆ ಬೋಳಿಸಿಕೊಂಡು ಬಂದರು. ನಾಯಕ ಅಂದರೆ ನನ್ನ ಸೋದರಮಾವ. ಈವರೆಗೆ ತೆಗೆದ ದೃಶ್ಯಗಳಲ್ಲೆಲ್ಲ ಅವರಿಗೆ ದಪ್ಪ ಮೀಸೆ ಇದೆ.

"ಎಂತ ಮಾವ ಇದು?"

"ಬಿಳಿ ಕೂದಲು ಕಾಣ್ತದೆ ಅಂತ ನಿನ್ನ ಅತ್ತೆ ಹೇಳಿದ್ಲು. ಚಂದ ಕಾಣಲಿಕ್ಕೆ ತೆಗೆದೆ."

ಬಂದರಿನ ಗೋಡೌನು ನಮಗೆ ಸಿಕ್ಕಿದ್ದು ಇವತ್ತು ರಜೆ ಎಂಬ ಕಾರಣಕ್ಕೆ. ಕ್ಯಾಮೆರಾ, ಮೈಕ್ ಎರಡನ್ನೂ ನೋಡಿಕೊಳ್ಳುವ ಗೆಳತಿ ಅಶ್ವಿತಾ, "ಮೀಸೆ ಬಂದ ಮೇಲೆ ಮಾಡುವ ಮಾರಾಯ್ತಿ" ಅಂದಳು.

"ನಾಳೆ ಇಲ್ಲಿ ಮಾಲು ತುಂಬ್ತದೆ. ಇವತ್ತೇ ಮಾಡುವ" ಅಂದೆ.

ಗೋಡೌನಿನ ಕೆಲಸ ಕಳೆದುಕೊಂಡು ಬಾಗಿಲಲ್ಲೇ ಕುಳಿತ ಅಪ್ಪನನ್ನು ಮಗಳು ಮನೆಗೆ ಕರೆಯುವ ದೃಶ್ಯ ಅದು. ಬೇರೆ ಯಾರೂ ಸಿಗದ ಕಾರಣ ಮಗಳು ನಾನೇ.

"ಮೀಸೆ ಎಲ್ಲಿ ಅಂತ ಕೇಳ್ತೇನೆ ಮಾವ. ನಿಮಗೆ ತೋಚಿದ್ದು ಹೇಳಿ."

ಕ್ಯಾಮೆರಾ ಓಡಿತು. ನಾನು ಕೇಳಿದೆ. ಮಾವ ಬೋಳು ತುಟಿಯ ಮೇಲೆ ಬೆರಳಾಡಿಸಿ, ಮುಚ್ಚಿದ ಬಾಗಿಲನ್ನು ನೋಡುತ್ತಾ ಹೇಳಿದರು: "ಕೆಲಸವೇ ಹೋಯ್ತಲ್ಲ ಮಗಾ. ಇನ್ನು ಮೀಸೆ ಯಾರಿಗೆ ತೋರಿಸಲಿಕ್ಕೆ?"

ನಾನು ಅವರ ಕೈ ಹಿಡಿದು ಎಬ್ಬಿಸಿದೆ. ಅಶ್ವಿತಾ ಕಟ್ ಹೇಳಲೇ ಇಲ್ಲ. ನಾನು ತಿಂಗಳುಗಟ್ಟಲೆ ಕೂತು ಬರೆದ ಯಾವ ಮಾತೂ ಇದರ ಹತ್ತಿರ ಸುಳಿಯುವುದಿಲ್ಲ.

ಮಧ್ಯಾಹ್ನ ಊಟ ಮಾಡುತ್ತಾ ಮಾವ ಕೇಳಿದರು: "ಸಂಭಾಷಣೆ ಅಂತ ನನ್ನ ಹೆಸರು ಹಾಕ್ತೀಯಲ್ಲ?"

ಖಂಡಿತ ಹಾಕ್ತೇನೆ ಮಾವ. ಮೇಕಪ್‌ಗೆ ಅತ್ತೆಯ ಹೆಸರು.