ವೇದಿಕೆಯ ನಡುವಿನ ಜಾಗ

ಹುಣಸೂರಿನ ಪಿಟೀಲು ಚೆಲುವಯ್ಯನವರು ಐವತ್ತು ವರ್ಷ ಗಾಯಕರ ಪಕ್ಕದಲ್ಲಿ ಕೂತು ನುಡಿಸಿದವರು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಲ್ಲಿ ರಾಮನವಮಿ ಪೆಂಡಾಲು ಎದ್ದರೂ ಅಲ್ಲಿ ಅವರಿರುತ್ತಿದ್ದರು. ಗಾಯಕರು ಒಂದು ಸಾಲು ಹಾಡಿದರೆ ಇವರ ಪಿಟೀಲು ನೆರಳಿನ ಹಾಗೆ ಹಿಂದೆ ಬರುತ್ತಿತ್ತು. ಗಾಯಕರು ಮೆಚ್ಚಿದ್ದೇ ರಾಗ, ಅವರು ನಿಲ್ಲಿಸಿದಲ್ಲೇ ಮಂಗಳ.

ಸುವರ್ಣ ಸಂಭ್ರಮಕ್ಕಾದರೂ ಅವರದೇ ಕಚೇರಿ ಆಗಲಿ ಎಂದು ಸಂಗೀತ ಸಭೆಯ ನಾವೆಲ್ಲ ಹಟ ಹಿಡಿದೆವು. ಪೇಟ ತೊಡಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿ ವೇದಿಕೆಯ ನಡುವೆ ಕೂರಿಸಿದೆವು. ಅವರು ಎಲ್ಲವನ್ನೂ ತೆಗೆದಿಟ್ಟು, “ಪಕ್ಕದಲ್ಲೇ ಇರ್ತೀನಿ ಬುಡ್ರಪ್ಪ” ಎಂದು ಹಳೆಯ ಜಾಗಕ್ಕೆ ಸರಿದರು. ನಾವು ಬಿಟ್ಟೇವೇ? ಮತ್ತೆ ನಡುವಿಗೇ ಎಳೆದು ತಂದೆವು.

ಚೆಲುವಯ್ಯನವರು ಕಲ್ಯಾಣಿಯ ಒಂದು ಸಾಲು ನುಡಿಸಿದರು. ಆಮೇಲೆ ಕಮಾನು ಎತ್ತಿ, ತಲೆಯನ್ನು ಪಕ್ಕಕ್ಕೆ ತಿರುಗಿಸಿ ಕಾದರು. ಮುಗಿಯಿತೆಂದುಕೊಂಡು ಜನ ಚಪ್ಪಾಳೆ ಹೊಡೆದರು. ನಮ್ಮೂರಿನಲ್ಲಿ ಚಪ್ಪಾಳೆಗೇನು ಬರ! ಅವರು ಇನ್ನೊಂದು ಸಾಲು ನುಡಿಸಿ ಮತ್ತೆ ಹಾಗೇ ಕಾದರು. ಹಣೆಯಿಂದ ಬೆವರು ಇಳಿಯುತ್ತಿತ್ತು.

ಮೃದಂಗದ ಮಾದೇಶ್ ಬಗ್ಗಿ ಪಿಸುಗುಟ್ಟಿದ: “ನುಡಿಸ್ಕೊಂಡು ಓಗಿ ಕಣಣ್ಣ. ಇವತ್ತು ಹಾಡೋರು ಯಾರೂ ಇಲ್ಲ.”

“ನಂಗೊತ್ತು ಕಣ್ಲಾ,” ಎಂದರು ಚೆಲುವಯ್ಯನವರು, ಕಮಾನು ಹಿಡಿದ ಕೈಯನ್ನೇ ನೋಡುತ್ತಾ. “ಇದಕ್ಕೆ ಗೊತ್ತಾಗ್ಬೇಕಲ್ಲ.”