ಮುಚ್ಚಿದ ಕೈಯೇ ತೆಗೆಯಬೇಕು

ಗುಬ್ಬಿಯಲ್ಲಿ ದಸ್ತಗೀರ್ ಸಾಬರು ಬೇಯಿಸಿದ ಮದುವೆ ಬಿರಿಯಾನಿ ಉಣ್ಣದ ಬಾಯಿ ಕಡಿಮೆ. ಅವರ ಕಿರಿಮಗಳು ಜೈಬಾ ಹಿಡಿದದ್ದು ಮಾತ್ರ ಬೇರೆಯದೇ ಒಲೆ. ಕ್ಯಾತ್ಸಂದ್ರದ ಹಾಸ್ಟೆಲಿನಲ್ಲಿದ್ದುಕೊಂಡು, ತುಮಕೂರಿನ ಲ್ಯಾಬಿನಲ್ಲಿ ಬೇರಿಯಂ ಟೈಟನೇಟ್ ಎಂಬ ಬಿಳಿ ಪುಡಿಯನ್ನು ಅರೆದು, ಬಿಲ್ಲೆ ಒತ್ತಿ, ಕುಲುಮೆಯಲ್ಲಿ ಸುಟ್ಟು, ಒಳಗೆ ಪರಮಾಣುಗಳು ಹೇಗೆ ಕೂತಿವೆ ಎಂದು ಎಕ್ಸ್‌ರೇ ಹಾಯಿಸಿ ನೋಡುವುದು ಅವಳ ಓದು.

"ಅದ್ರೊಳಗೇನೇ ಅಂಥಾದ್ದು?" ಎಂದು ಅಮ್ಮಿ ಮಸ್ತಾನ್ ಬೀ ಒಮ್ಮೆ ಕೇಳಿದ್ದಳು.

"ಒಂದು ಪುಟ್ಟ ಪೆಟ್ಟಿಗೆ ಅನ್ಕೋ ಅಮ್ಮಿ. ಕಾದಿದ್ದಾಗ ಒಂದು ಪರಮಾಣು ನಟ್ಟನಡುವೆ ಕೂತಿರುತ್ತೆ. ಆರಿದ ಮೇಲೆ ಒಂಚೂರು ಪಕ್ಕಕ್ಕೆ ಸರಿಯುತ್ತೆ. ಅದಕ್ಕೇ ಅದಕ್ಕೆ ಕರೆಂಟಿನ ಗುಣ."

"ಕೂತಲ್ಲಿ ಕೂರಲ್ಲ ಅನ್ನು. ನಿನ್ನಂಗೇ."

ಅದೇ ಕುಲುಮೆಯಲ್ಲಿ ಅವಳ ಜೊತೆ ಓದುವ ಹುಲಿಯೂರುದುರ್ಗದ ಸಿದ್ಧಾರ್ಥ್ ಅದೇ ವಸ್ತುವಿನ ಹರಳು ಬೆಳೆಸುತ್ತಿದ್ದ. ಹರಳು ಬಿಲ್ಲೆಯಂತಲ್ಲ. ದಿನಗಟ್ಟಲೆ ಸಾವಕಾಶವಾಗಿ ಆರಬೇಕು, ನಡುವೆ ತಣ್ಣನೆ ಗಾಳಿ ತಾಗಿದರೆ ಸೀಳುತ್ತದೆ. ಹಿಂದೆ ಕೆಟ್ಟಿದ್ದನ್ನೆಲ್ಲ ನುಂಗಿಕೊಂಡು ಅವನು ಮತ್ತೆ ಇಟ್ಟಿದ್ದ. "ನಿಂದೂ ನಂದೂ ಒಟ್ಟಿಗೇ ಆರ್ಲಿ, ಸೋಮವಾರ ತೆಗೆಯಾಣ" ಎಂದು ಬಾಗಿಲು ಹಾಕಿ ಊರಿಗೆ ಹೋದ.

ಮರುದಿನ ಜೈಬಾಳ ಅಕ್ಕನ ಮದುವೆ. ಹೊರಡುವ ಮುಂಚೆ ಬಿಲ್ಲೆಯನ್ನು ಎಕ್ಸ್‌ರೇಗೆ ಕೊಟ್ಟುಬಿಡೋಣ ಎನ್ನಿಸಿತು ಅವಳಿಗೆ. ಕುಲುಮೆ ಇನ್ನೂ ಬಿಸಿಯಿತ್ತು. ಒಂದು ಗಳಿಗೆ ತಾನೇ ಎಂದು ಬಾಗಿಲು ತೆಗೆದಳು, ಇಕ್ಕಳದಲ್ಲಿ ತನ್ನದನ್ನು ಎತ್ತಿಕೊಂಡಳು, ಮುಚ್ಚಿದಳು. ಒಳಗೆ ಸಣ್ಣಗೆ ಏನೋ ಚಿಟಕ್ಕೆಂದಿತು. ಇಕ್ಕಳದ ಸದ್ದಿರಬೇಕು ಎಂದುಕೊಂಡು ಬಸ್ ಹತ್ತಿದಳು.

ಮದುವೆಯಲ್ಲಿ ಬಿರಿಯಾನಿ ದೇಗಿನ ಮುಚ್ಚಳಕ್ಕೆ ಹಿಟ್ಟು ಮೆತ್ತಿ, ಒಳಗಿನ ಹಬೆಯಲ್ಲೇ ಬೇಯಲೆಂದು ದಮ್‌ಗೆ ಬಿಟ್ಟು ಅಬ್ಬಾ ನಮಾಜಿಗೆ ಹೋಗಿದ್ದರು. ಪಕ್ಕದ ಮನೆಯ ಅಪ್ಪಾಜಿ ಬಂದು ನಿಂತ. "ಮಸ್ತಾನಮ್ಮ, ಹೊಟ್ಟೆ ತಮಟೆ ಬಾರಿಸ್ತಾದೆ. ಒಂಚೂರು ತೆಗೀರಿ."

"ಮುಚ್ಚಿದೋರು ಬರ್ಲಿ, ತೆಗೀತಾರೆ."

"ನಿಮಗೆ ಬರಲ್ವಾ?"

"ಬರ್ತದೆ. ನಾನು ಮುಚ್ಚಿಲ್ವಲ್ಲ."

ಕೇಳುತ್ತಿದ್ದ ಜೈಬಾಳಿಗೆ ಕುಲುಮೆಯೊಳಗಿನ ಆ ಚಿಟಕ್ ಸದ್ದು ನೆನಪಾಯಿತು.

ಸೋಮವಾರ ಹರಳು ಚೂರುಚೂರಾಗಿತ್ತು. ಗೈಡ್ ಲಕ್ಷ್ಮೀನರಸಿಂಹಯ್ಯನವರು ಬಗ್ಗಿ ನೋಡಿದರು. "ಏನ್ಲಾ, ಹರಳು ಬೆಳ್ಸು ಅಂದ್ರೆ ಕಲ್ಲುಸಕ್ಕರೆ ಕುಟ್ಟಿಟ್ಟಿದೀಯ?"

"ಆರಿಸೋ ಲೆಕ್ಕ ನಂದೇ ತಪ್ಪಿರ್ಬೇಕು ಸಾರ್." ಸಿದ್ಧಾರ್ಥ್ ಜೈಬಾಳ ಕಡೆ ತಿರುಗಿದ. "ಇವತ್ತು ಬೆಳಗ್ಗೆ ನಿನ್ನ ಬಿಲ್ಲೆ ತೆಗೆದಾಗ ಪೂರ್ತಿ ಆರಿತ್ತಲ್ವಾ?"

"ಹ್ಞೂಂ" ಎಂದಳು. ಚೂರುಗಳನ್ನು ಕಾಗದಕ್ಕೆ ಗುಡಿಸತೊಡಗಿದಳು.

ಮಧ್ಯಾಹ್ನ ಅವನು ಹರಳು ಬೆಳೆಸುವ ಮೂಸೆ ತೊಳೆಯುತ್ತಾ ಹೇಳಿದ: "ನನ್ ಕೈಗೆ ಹರಳು ಒಲಿಯಲ್ಲ ಕಣೇ. ಸತ್ಯಮಂಗಲದ ಫ್ಯಾಕ್ಟ್ರಿಗೆ ಕರೀತಾವ್ರೆ. ಇದನ್ನ ಬಿಟ್ಟು ಹೋಗ್ತೀನಿ."

ಜೈಬಾಳಿಗೆ ಇನ್ನು ತಡೆಯಲಾಗಲಿಲ್ಲ. "ನಿನ್ ಕೈದೇನೂ ತಪ್ಪಿಲ್ಲ. ಊರಿಗೆ ಹೋಗೋ ಮುಂಚೆ ಬಾಗ್ಲು ತೆಗ್ದೋಳು ನಾನು. ಬಿಸಿಯಿದೆ ಅಂತ ಗೊತ್ತಿದ್ದೇ ತೆಗ್ದೆ."

ಅವನು ನಲ್ಲಿ ನಿಲ್ಲಿಸಿದ. "ಬೆಳಗ್ಗೆ ಸಾರ್ ಬಯ್ಯೋವಾಗ ಪಕ್ಕದಲ್ಲೇ ಇದ್ಯಲ್ಲ."

"ಇದ್ದೆ."

"ಹೋಗಿ ಅವರ್ಗೆ ಹೇಳ್ಬಾ. ಆಮೇಲೆ ನನ್ ಹತ್ರ ಮಾತಾಡು."

ಹೇಳಿ, ಬೈಸಿಕೊಂಡು, ಕಣ್ಣೊರೆಸಿಕೊಂಡು ಬಂದಳು. ಅಷ್ಟರಲ್ಲಿ ಅವನು ಹೊಸದಾಗಿ ಪುಡಿ ತುಂಬಿದ ಮೂಸೆಯನ್ನು ಕುಲುಮೆಯೊಳಗಿಟ್ಟು ದೂರ ನಿಂತಿದ್ದ. ಮುಖದ ಬಿಗಿ ಸಡಿಲವಾಗಿರಲಿಲ್ಲ.

"ಈ ಸಲ ನೀನೇ ಮುಚ್ಚು. ಆರೋಗಂಟ ನೀನೇ ಕಾಯಿ."

ಅವಳು ಮುಚ್ಚಿದಳು. ಬಳಿಕ ಗುಬ್ಬಿಗೆ ಫೋನ್ ಮಾಡಿದಳು.

"ಅಮ್ಮಿ, ಬಕ್ರೀದಿಗೆ ಬರೋಕಾಗಲ್ಲ."

"ಯಾಕೆ? ಲ್ಯಾಬಲ್ಲಿ ಬೇರೆ ಯಾರೂ ಇಲ್ವಾ?"

"ಅವ್ರೆ. ಮುಚ್ಚಿರೋದು ನಾನು."